ಶತಾಯುಷಿ ಷೆವ್ರಲ್

ಕೊಲೆಸ್ಟರಾಲ್ ಎಂಬ ಮಾತನ್ನು ಕೇಳದವರು ಇಂದು ವಿರಳ. ರಕ್ತಪರೀಕ್ಷೆಯ ಚೀಟಿ ಕೈಗೆ ಬಂದೊಡನೆ ಮನೆಯ ಹಿರಿಯರ ಕಣ್ಣು ಮೊದಲು ಹೋಗುವುದು ಆ ಪದದ ಮುಂದಿರುವ ಅಂಕಿಯ ಕಡೆಗೆ. ಅಂಕಿ ಏರಿದ್ದರೆ ಚಿಂತೆ, ಇಳಿದಿದ್ದರೆ ಸಮಾಧಾನ. ಆದರೆ ಇಳಿದ ಅಂಕಿಯನ್ನು ಕಂಡು ವೈದ್ಯರು ಚಿಂತಿಸುವ ಸಂದರ್ಭವೂ ಒಂದುಂಟು. ಅದು ತೀವ್ರವಾದ ವೈರಸ್ ಸೋಂಕಿಗೆ ತುತ್ತಾಗಿ ಆಸ್ಪತ್ರೆಯಲ್ಲಿ ಮಲಗಿರುವ ರೋಗಿಯ ರಕ್ತವನ್ನು ಪರೀಕ್ಷಿಸಿದಾಗ. ಈ ವೈಚಿತ್ರ್ಯದ ಅರ್ಥವೇನೆಂದು ತಿಳಿಯಬೇಕಾದರೆ, ಆ ಪದಾರ್ಥವನ್ನು ಬೇರೆಯೇ ಒಂದು ವಸ್ತುವೆಂದು ಗುರುತಿಸಿ, ಅದಕ್ಕೆ ಹೆಸರಿಟ್ಟ ಮನುಷ್ಯನ ಕಥೆಯಿಂದಲೇ ಹೊರಡುವುದು ಲೇಸು.

ಮಿಷೆಲ್ ಯೂಜೀನ್ ಷೆವ್ರಲ್ ಜನಿಸಿದ್ದು 1786ನೆಯ ಇಸವಿ ಆಗಸ್ಟ್ 31ರಂದು, ಫ್ರಾನ್ಸ್ ದೇಶದ ಪಶ್ಚಿಮ ಭಾಗದಲ್ಲಿರುವ ಆಂಜೆ ಪಟ್ಟಣದಲ್ಲಿ. ತಂದೆ ಹೆಸರಾಂತ ವೈದ್ಯ. ಸಿಂಹಾಸನದ ಮೇಲೆ ಆಗ ಹದಿನಾರನೆಯ ಲೂಯಿ ಕುಳಿತಿದ್ದನು. ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ಪ್ಯಾರಿಸ್ ನಗರದಲ್ಲಿ ಕ್ರಾಂತಿಯ ಕಿಡಿ ಹೊತ್ತಿತು. ಕೆಲವೇ ವರ್ಷಗಳಲ್ಲಿ ಅರಸನ ತಲೆಯೇ ಉರುಳಿತು. ಶಾಲೆಗಳು ಮುಚ್ಚಿ, ಊರೂರಲ್ಲಿ ಭಯ ಕವಿದಿದ್ದ ಆ ಕಾಲದಲ್ಲಿ ಬಾಲಕನ ಮೊದಲ ಪಾಠಗಳು ಮನೆಯಲ್ಲಿಯೇ ನಡೆದವು. ಗಲಭೆಯ ಬಿಸಿ ಆರಿದ ಮೇಲೆ ಆಂಜೆಯಲ್ಲಿ ಹೊಸದಾಗಿ ತೆರೆದ ಶಾಲೆಯನ್ನು ಸೇರಿ, ಅಲ್ಲಿ ಅವನು ರಸಾಯನಶಾಸ್ತ್ರದ ರುಚಿ ಕಂಡನು. ಹದಿನೇಳನೆಯ ವಯಸ್ಸಿನಲ್ಲಿ, ಎಂದರೆ 1803ರಲ್ಲಿ, ಆ ರುಚಿಯೇ ಅವನನ್ನು ಪ್ಯಾರಿಸ್ಸಿಗೆ ಸೆಳೆಯಿತು.

ಪ್ಯಾರಿಸ್ಸಿನಲ್ಲಿ ಅವನಿಗೆ ದೊರೆತ ಗುರು ವೋಕ್ಲ್ಯಾನ್. ಬಡ ರೈತನ ಮಗನಾಗಿ ಹುಟ್ಟಿ, ಸ್ವಂತ ಪರಿಶ್ರಮದಿಂದ ಮೇಲೆ ಬಂದು, ಕ್ರೋಮಿಯಂ ಧಾತುವನ್ನು ಕಂಡುಹಿಡಿದು ಕೀರ್ತಿ ಪಡೆದಿದ್ದವನು ಈ ವೋಕ್ಲ್ಯಾನ್. ಅವನನ್ನು ಕೈಹಿಡಿದು ಬೆಳೆಸಿದವನು ಫೂರ್ಕ್ರ್ವಾ ಎಂಬ ಪ್ರಭಾವಶಾಲಿ ರಸಾಯನ ಪಂಡಿತ. ಹೀಗೆ ಷೆವ್ರಲನಿಗೆ ಫೂರ್ಕ್ರ್ವಾ ಗುರುವಿನ ಗುರು. ಈ ಸಂಬಂಧವನ್ನು ನೆನಪಿನಲ್ಲಿಡಬೇಕು. ಅದರ ಪ್ರಸ್ತಾಪ ಮುಂದೆ ಬರುತ್ತದೆ.

ಆ ಕಾಲದ ರಸಾಯನಶಾಸ್ತ್ರಜ್ಞರಿಗೆ ಲೋಹಗಳೂ ಲವಣಗಳೂ ಒಂದು ಬಗೆಯಲ್ಲಿ ಹತೋಟಿಗೆ ಬಂದಿದ್ದವು. ಆದರೆ ಪ್ರಾಣಿಗಳಿಂದಲೂ ಸಸ್ಯಗಳಿಂದಲೂ ದೊರೆಯುವ ವಸ್ತುಗಳ ಮುಂದೆ ಅವರು ಕೈಚೆಲ್ಲಿ ಕುಳಿತಿದ್ದರು. ಕೊಬ್ಬನ್ನು ಸುಟ್ಟರೆ ದೊರೆಯುವುದು ಇಂಗಾಲ, ಜಲಜನಕ, ಆಮ್ಲಜನಕ. ಸಕ್ಕರೆಯನ್ನು ಸುಟ್ಟರೂ ಅವೇ. ಹಾಗಾದರೆ ಕೊಬ್ಬಿಗೂ ಸಕ್ಕರೆಗೂ ಇರುವ ಅಂತರವೆಲ್ಲಿ ಅಡಗಿದೆ? ಸುಟ್ಟು ಬೂದಿ ಮಾಡುವ ಮಾರ್ಗದಿಂದ ಉತ್ತರ ದೊರೆಯದೆಂದು ಷೆವ್ರಲನು ಬೇಗನೆ ಕಂಡುಕೊಂಡನು. ವಸ್ತುವನ್ನು ಕೆಡಿಸದೆ, ಅದರಲ್ಲಿ ಬೆರೆತಿರುವ ಘಟಕಗಳನ್ನು ಒಂದೊಂದಾಗಿ ಮೆಲ್ಲನೆ ಬಿಡಿಸಿ ತೆಗೆಯಬೇಕು. ಬಿಡಿಸಿದ್ದು ನಿಜವಾಗಿಯೂ ಒಂದೇ ವಸ್ತುವೋ, ಇನ್ನೂ ಬೆರಕೆಯೋ ಎಂಬುದನ್ನು ಪರೀಕ್ಷಿಸಬೇಕು. ಇದು ಅವನು ಹಿಡಿದ ದಾರಿ.

1811ರಲ್ಲಿ ಸಾಬೂನಿನ ಒಂದು ಮಾದರಿ ಅವನ ಕೈಗೆ ಬಂದಿತು. ಹಂದಿಯ ಕೊಬ್ಬನ್ನು ಪೊಟ್ಯಾಷ್ ಕ್ಷಾರದೊಡನೆ ಕುದಿಸಿ ಮಾಡಿದ ಮೆದುವಾದ ಸಾಬೂನು ಅದು. ಸಾಬೂನು ಮಾಡುವ ವಿದ್ಯೆ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಆದರೆ ಕೊಬ್ಬು ಸಾಬೂನಾಗುವಾಗ ಪಾತ್ರೆಯೊಳಗೆ ನಡೆಯುವುದೇನು ಎಂಬುದನ್ನು ಅಷ್ಟು ಕಾಲವೂ ಯಾರೂ ಸರಿಯಾಗಿ ಅರಿತಿರಲಿಲ್ಲ. ಷೆವ್ರಲನು ಆ ಸಾಬೂನನ್ನು ಹೇರಳವಾದ ನೀರಿನಲ್ಲಿ ಕದಡಿಟ್ಟನು. ತಳದಲ್ಲಿ ಮುತ್ತಿನಂತೆ ಹೊಳೆಯುವ ಹರಳುಗಳು ನಿಂತವು. ಅವನ್ನು ಆಮ್ಲದಿಂದ ಸಂಸ್ಕರಿಸಿದಾಗ ಕೊಬ್ಬಿನಂತೆ ಕಾಣುವ, ಆದರೆ ಗುಣದಲ್ಲಿ ಆಮ್ಲವೇ ಆದ ಹೊಸ ವಸ್ತು ಹೊರಬಂದಿತು. ಕೊಬ್ಬು ಎಂಬುದು ಒಂದು ಸರಳ ವಸ್ತುವಲ್ಲ. ಕ್ಷಾರದೊಡನೆ ಕುದಿಸಿದಾಗ ಅದು ಎರಡಾಗಿ ಒಡೆಯುತ್ತದೆ. ಒಂದು ಭಾಗ ಕೊಬ್ಬಿನ ಆಮ್ಲಗಳು, ಇನ್ನೊಂದು ಭಾಗ ಸಿಹಿಯಾದ ಒಂದು ದ್ರವ ಎಂದು ಅವನು ತೋರಿಸಿಕೊಟ್ಟನು. ಆ ಸಿಹಿ ದ್ರವವನ್ನು ಸ್ವೀಡನ್ನಿನ ಷೀಲೆ ಮೊದಲೇ ಕಂಡಿದ್ದನು. ಗ್ಲಿಸರಿನ್ ಎಂದು ಅದಕ್ಕೆ ಹೆಸರಿಟ್ಟವನು ಷೆವ್ರಲ್.

ಚಳಿಗಾಲದಲ್ಲಿ ತುಪ್ಪದ ಪಾತ್ರೆಯೊಳಗೆ ಹರಳುಗಟ್ಟಿದ ಭಾಗ ತಳದಲ್ಲಿ ನಿಂತು, ಎಣ್ಣೆಯಂಥ ಭಾಗ ಮೇಲೆ ತಿಳಿಯಾಗಿ ಉಳಿಯುವುದನ್ನು ಎಲ್ಲರೂ ನೋಡಿರುತ್ತಾರೆ. ಈ ನಿತ್ಯದ ನೋಟವೇ ಷೆವ್ರಲನ ಕೈಯಲ್ಲಿ ಒಂದು ಶಾಸ್ತ್ರೀಯ ಸಾಧನವಾಯಿತು. ಅವನು ಕೊಬ್ಬಿನ ಆಮ್ಲಗಳನ್ನು ಆಲ್ಕೊಹಾಲಿನಲ್ಲಿ ಕರಗಿಸಿ, ಆರಿಸಿ, ಹರಳುಗಳನ್ನು ಸೋಸಿ ತೆಗೆಯುತ್ತಿದ್ದನು. ಆ ಹರಳುಗಳು ಎಷ್ಟು ಉಷ್ಣತೆಯಲ್ಲಿ ಕರಗುತ್ತವೆ ಎಂಬುದನ್ನು ಗುರುತು ಹಾಕಿಕೊಂಡು, ಮತ್ತೆ ಕರಗಿಸಿ, ಮತ್ತೆ ಆರಿಸಿ, ಮತ್ತೆ ಅಳೆಯುತ್ತಿದ್ದನು. ಎಷ್ಟು ಸಲ ಶುದ್ಧಿಮಾಡಿದರೂ ಕರಗುವ ಉಷ್ಣತೆ ಬದಲಾಗದೆ ನಿಂತಾಗ ಮಾತ್ರ, ತನ್ನ ಕೈಯಲ್ಲಿರುವುದು ಒಂದೇ ವಸ್ತು ಎಂದು ಒಪ್ಪುತ್ತಿದ್ದನು. ಹಂದಿ, ಕುರಿ, ಎತ್ತು, ಹೆಬ್ಬಾತು, ಮನುಷ್ಯ, ಕಡೆಗೆ ಜಾಗ್ವಾರ್ ಎಂಬ ಕಾಡುಮೃಗ. ಇವೆಲ್ಲವುಗಳ ಕೊಬ್ಬೂ ಅವನ ಗಾಜಿನ ಪಾತ್ರೆಗಳಲ್ಲಿ ಬೆಂದವು. ಹೀಗೆ ಹನ್ನೆರಡು ವರ್ಷ ಕಳೆದವು. ಸ್ಟಿಯರಿಕ್ ಆಮ್ಲ, ಓಲಿಯಿಕ್ ಆಮ್ಲ, ಬೆಣ್ಣೆಯಿಂದ ದೊರೆತ ಬ್ಯುಟಿರಿಕ್ ಆಮ್ಲ ಮೊದಲಾದವು ಬೆಳಕಿಗೆ ಬಂದವು. 1823ರಲ್ಲಿ ಪ್ರಕಟವಾದ ಅವನ ಗ್ರಂಥ ಪ್ರಾಣಿಜನ್ಯ ಕೊಬ್ಬುಗಳ ವಿಷಯದಲ್ಲಿ ಹೊಸ ಶಾಸ್ತ್ರವನ್ನೇ ಸ್ಥಾಪಿಸಿತು. ಅವನು ಮಾರ್ಗರಿಕ್ ಆಮ್ಲವೆಂದು ಕರೆದ ವಸ್ತು ಎರಡು ಆಮ್ಲಗಳ ಬೆರಕೆಯೆಂದು ಮುಂದೆ ಇತರರು ತೋರಿಸಿದರು. ತೋರಿಸಲು ಬಳಸಿದ್ದು ಅವನು ಕಲಿಸಿದ ದಾರಿಯನ್ನೇ.

ಈ ದುಡಿಮೆಯ ನಡುವೆಯೇ ಕೊಲೆಸ್ಟರಾಲಿನ ಕಥೆ ಆರಂಭವಾಗುತ್ತದೆ. ಪ್ಯಾರಿಸ್ಸಿನ ನಡುವೆ ಒಂದು ಪುರಾತನ ಸ್ಮಶಾನವಿದ್ದಿತು. ಷೆವ್ರಲನು ಹುಟ್ಟಿದ ಕಾಲಕ್ಕೆ, 1786ರ ಸುಮಾರಿನಲ್ಲಿ, ನಗರದ ಆರೋಗ್ಯದ ದೃಷ್ಟಿಯಿಂದ ಅದನ್ನು ತೆರವುಗೊಳಿಸಲಾಗುತ್ತಿತ್ತು. ಅಗೆದಾಗ ಅನೇಕ ಶವಗಳು ಕೊಳೆಯದೆ, ಮೇಣದಂಥ ಬಿಳಿಯ ವಸ್ತುವಾಗಿ ಮಾರ್ಪಟ್ಟಿದ್ದುದು ಕಂಡುಬಂದಿತು. ಅದನ್ನು ಪರೀಕ್ಷಿಸಿದವನು ಫೂರ್ಕ್ರ್ವಾ. ಆ ಶವಮೇಣ, ತಿಮಿಂಗಿಲದ ತಲೆಯಲ್ಲಿ ದೊರೆಯುವ ಬಿಳಿಯ ಮೇಣ, ಮನುಷ್ಯರ ಪಿತ್ತಕೋಶದಲ್ಲಿ ಬೆಳೆಯುವ ಕಲ್ಲುಗಳಿಂದ ತೆಗೆದ ಹೊಳೆಯುವ ಹರಳು. ಈ ಮೂರೂ ಒಂದೇ ವಸ್ತುವಿನ ರೂಪಗಳೆಂದು ಅವನು ಸಾರಿ, ಮೂರಕ್ಕೂ ಸೇರಿ ಕೊಬ್ಬುಮೇಣ ಎಂಬರ್ಥದ ಒಂದೇ ಹೆಸರನ್ನಿಟ್ಟನು. ನೋಡುವುದಕ್ಕೆ ಮೂರೂ ಒಂದೇ ಬಗೆ: ಬಿಳುಪು, ನುಣುಪು, ಮೇಣದಂತೆ ಜಾರುವ ಗುಣ. ಹೇಳಿದವನೋ ದೊಡ್ಡ ಮನುಷ್ಯ. ಲೋಕ ನಂಬಿತು.

ಷೆವ್ರಲನು ಮೂರನ್ನೂ ಪೊಟ್ಯಾಷ್ ಕ್ಷಾರದೊಡನೆ ಬೇರೆಬೇರೆಯಾಗಿ ಕುದಿಸಿ ನೋಡಿದನು. ಶವಮೇಣವು ಸುಲಭವಾಗಿ ಸಾಬೂನಾಯಿತು. ಏಕೆಂದರೆ ಅದು ಆಗಲೇ ಕೊಬ್ಬಿನ ಆಮ್ಲಗಳಾಗಿ ಒಡೆದಿದ್ದಿತು. ತಿಮಿಂಗಿಲದ ಮೇಣ ಬಹಳ ಹೊತ್ತು ಕುದಿದ ಮೇಲೆ ಕಷ್ಟದಿಂದ ಒಡೆಯಿತು. ಪಿತ್ತದ ಕಲ್ಲಿನ ಹರಳಂತೂ ಎಷ್ಟು ಕುದಿಸಿದರೂ ಇದ್ದಂತೆಯೇ ಇದ್ದಿತು. ಅದು ಸಾಬೂನಾಗಲೇ ಇಲ್ಲ. ಕರಗುವ ಉಷ್ಣತೆಯೂ ಹೊಂದಲಿಲ್ಲ. ತಿಮಿಂಗಿಲದ ಮೇಣ ಸುಮಾರು 45 ಡಿಗ್ರಿ ಸೆಂಟಿಗ್ರೇಡಿನಲ್ಲಿ ನೀರಾಗುತ್ತದೆ. ಶುದ್ಧವಾದ ಪಿತ್ತದ ಹರಳು ಕರಗಬೇಕಾದರೆ, ಇಂದಿನ ಅಳತೆಯಂತೆ, ಸುಮಾರು 148 ಡಿಗ್ರಿ ಬೇಕು. ಇದು ಕೊಬ್ಬಲ್ಲ, ಮೇಣವೂ ಅಲ್ಲ, ಬೇರೆಯೇ ಒಂದು ವಸ್ತು. 1815-16ರ ಸುಮಾರಿಗೆ ಷೆವ್ರಲನು ಅದಕ್ಕೆ ಕೊಲೆಸ್ಟೆರೀನ್ ಎಂದು ನಾಮಕರಣ ಮಾಡಿದನು. ಗ್ರೀಕ್ ಭಾಷೆಯಲ್ಲಿ ಕೊಲೆ ಎಂದರೆ ಪಿತ್ತ, ಸ್ಟೆರಿಯೋಸ್ ಎಂದರೆ ಗಟ್ಟಿ. ಕನ್ನಡದ ಕಿವಿಗೆ ಮೊದಲ ಎರಡು ಅಕ್ಷರಗಳು ಭಯಂಕರವಾಗಿ ಕೇಳಿಸಿದರೆ ಅದು ಷೆವ್ರಲನ ದೋಷವಲ್ಲ!

ಗುರುವಿನ ಗುರು ಹೇಳಿದ ಮಾತು ಹೀಗೆ ಬಿದ್ದುಹೋಯಿತು. ಫೂರ್ಕ್ರ್ವಾ ಆ ವೇಳೆಗೆ ಬದುಕಿರಲಿಲ್ಲ. ಶಿಷ್ಯನೂ ಅವನನ್ನು ಹಳಿಯಲು ಹೋಗಲಿಲ್ಲ. ಅದೇ 1815ರಲ್ಲಿ, ಸಿಹಿಮೂತ್ರ ರೋಗಿಗಳ ಮೂತ್ರದಲ್ಲಿರುವ ಸಕ್ಕರೆಯೂ ದ್ರಾಕ್ಷಿಯಲ್ಲಿರುವ ಸಕ್ಕರೆಯೂ ಒಂದೇ ಎಂಬುದನ್ನು ಷೆವ್ರಲನು ತೋರಿಸಿದನು. ಒಂದೆಂದು ನಂಬಿದ್ದನ್ನು ಬೇರೆಯೆಂದೂ, ಬೇರೆಯೆಂದು ತೋರುವುದನ್ನು ಒಂದೆಂದೂ ಕಾಣಿಸಬಲ್ಲ ಕಣ್ಣು ಅವನದಾಗಿದ್ದಿತು.

ಆ ಕಣ್ಣು ಹೊರಗಿನ ವಸ್ತುಗಳನ್ನಷ್ಟೇ ಅಲ್ಲ, ತನ್ನನ್ನೂ ಸಂಶಯದಿಂದ ನೋಡಬಲ್ಲುದಾಗಿತ್ತು. ಆ ದಿನಗಳಲ್ಲಿ ಲೋಲಕದ ಒಂದು ಚಮತ್ಕಾರವನ್ನು ಕುರಿತು ವಿದ್ವಾಂಸರೂ ಮಾತನಾಡುತ್ತಿದ್ದರು. ದಾರದ ತುದಿಗೆ ಕಬ್ಬಿಣದ ಉಂಗುರವನ್ನು ಕಟ್ಟಿ ಪಾದರಸದ ಮೇಲೆ ಹಿಡಿದರೆ, ಕೈ ಅಲುಗಿಸದಿದ್ದರೂ ಅದು ತಾನೇ ತೂಗಾಡತೊಡಗುತ್ತದೆ ಎಂಬ ಸುದ್ದಿ. ಷೆವ್ರಲನು ಹಾಗೆಯೇ ಹಿಡಿದು ನೋಡಿದನು. ಉಂಗುರ ತೂಗಿತು! ಉಂಗುರಕ್ಕೂ ಪಾದರಸಕ್ಕೂ ನಡುವೆ ಗಾಜಿನ ಫಲಕವನ್ನು ಇಟ್ಟಾಗ ತೂಗಾಟ ಕುಗ್ಗಿ ನಿಂತೇಹೋಯಿತು. ಪಾದರಸದಿಂದ ಯಾವುದೋ ಶಕ್ತಿ ಹೊರಟು ಉಂಗುರವನ್ನು ಆಡಿಸುತ್ತದೆ, ಗಾಜು ಅದನ್ನು ತಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಷೆವ್ರಲನಿಗೆ ಬೇಕಾಗಿತ್ತು. ಅವನು ತನ್ನ ತೋಳಿಗೆ ಮರದ ಆಧಾರವನ್ನು ಕೊಟ್ಟು ಮತ್ತೆ ಹಿಡಿದನು. ಆಧಾರವು ಭುಜದಿಂದ ಕೈಬೆರಳುಗಳ ಕಡೆಗೆ ಸರಿದಂತೆಲ್ಲ ತೂಗಾಟ ಕಡಿಮೆಯಾಯಿತು. ಬೆರಳುಗಳಿಗೇ ಆಧಾರ ಕೊಟ್ಟಾಗ ಉಂಗುರ ನಿಶ್ಚಲವಾಯಿತು. ಬಳಿಕ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಗಾಜನ್ನು ಯಾವಾಗ ಇಡುವರು, ಯಾವಾಗ ತೆಗೆಯುವರು ಎಂಬುದು ತನಗೆ ತಿಳಿಯದಂತೆ ಏರ್ಪಾಡು ಮಾಡಿಕೊಂಡನು. ಈಗ ಗಾಜಿನಿಂದ ಯಾವ ಪರಿಣಾಮವೂ ಆಗಲಿಲ್ಲ. ಉಂಗುರವನ್ನು ಆಡಿಸುತ್ತಿದ್ದುದು ಪಾದರಸವಲ್ಲ. ಆಡುವುದನ್ನು ಕಾಣಬೇಕೆಂದು ಕಾಯುತ್ತಿದ್ದ ಮನಸ್ಸು, ಅದಕ್ಕೆ ಅರಿವಿಲ್ಲದೆಯೇ ಓಗೊಡುತ್ತಿದ್ದ ಸ್ನಾಯುಗಳು. ಜೊತೆಯಲ್ಲಿ ಕಾಣಿಸಿಕೊಂಡದ್ದೆಲ್ಲ ಕಾರಣವಲ್ಲ ಎಂಬುದನ್ನು ಇಷ್ಟು ಸರಳವಾದ ಉಪಕರಣದಿಂದ ತೋರಿಸಿದವರು ಕಡಿಮೆ. ಈ ಪ್ರಯೋಗಗಳನ್ನು ಅವನು ನಡೆಸಿದ್ದು 1812ರ ಸುಮಾರಿನಲ್ಲಿ. ವಿದ್ಯುಚ್ಛಾಸ್ತ್ರದ ಆಂಪೇರನಿಗೆ ಬರೆದ ಪತ್ರದ ರೂಪದಲ್ಲಿ ಪ್ರಕಟಿಸಿದ್ದು 1833ರಲ್ಲಿ. ಮುಂದೆ 1850ರ ದಶಕದಲ್ಲಿ ಪ್ರೇತಗಳು ಮೇಜನ್ನು ತಿರುಗಿಸುತ್ತವೆ ಎಂಬ ಹುಚ್ಚು ಯೂರೋಪನ್ನೆಲ್ಲ ಹಿಡಿದಾಗಲೂ ಅವನು ಇದೇ ವಿಚಾರವನ್ನು ವಿಸ್ತರಿಸಿ ಒಂದು ಗ್ರಂಥವನ್ನು ಬರೆದನು.

ಕೊಬ್ಬಿನ ಆಮ್ಲಗಳ ಸಂಶೋಧನೆಯಿಂದ ಲೋಕಕ್ಕೆ ಒಂದು ಪ್ರತ್ಯಕ್ಷ ಉಪಕಾರವಾಯಿತು. ಅಂದಿನ ಬಡವರ ಮನೆಗಳಲ್ಲಿ ಉರಿಯುತ್ತಿದ್ದುದು ಪ್ರಾಣಿಗಳ ಕೊಬ್ಬಿನ ಬತ್ತಿ. ಅದರ ಹೊಗೆ, ಕಮಟು ವಾಸನೆ, ಬೆಚ್ಚಗಾದರೆ ಬಾಗಿಹೋಗುವ ಮೆತು ಯಾರಿಗೂ ಬೇಡವಾಗಿದ್ದವು. ಗಟ್ಟಿಯಾದ ಸ್ಟಿಯರಿಕ್ ಆಮ್ಲದಿಂದ ಬತ್ತಿ ಮಾಡಿದರೆ ಹೊಗೆಯಿಲ್ಲದೆ ಉಜ್ಜ್ವಲವಾಗಿ ಉರಿಯುತ್ತದೆಂದು ಕಂಡು, ಷೆವ್ರಲನೂ ಅವನ ಗೆಳೆಯ ಗೇ-ಲ್ಯುಸಾಕನೂ 1825ರಲ್ಲಿ ಹಕ್ಕುಪತ್ರ ಪಡೆದರು. ಆದರೆ ವ್ಯಾಪಾರ ಅವರ ಕೈಹತ್ತಲಿಲ್ಲ. 1830ರ ದಶಕದಲ್ಲಿ ಇತರರು, ಸುಣ್ಣವನ್ನು ಬಳಸುವ ಅಗ್ಗದ ವಿಧಾನವನ್ನೂ ಹೆಣೆದ ಬತ್ತಿಯನ್ನೂ ಹೊಂದಿಸಿಕೊಂಡು, ಅದೇ ಮೇಣದ ಬತ್ತಿಯಿಂದ ಹಣ ಗಳಿಸಿದರು. ಷೆವ್ರಲನು ಮತ್ತೆ ತನ್ನ ಪ್ರಯೋಗಶಾಲೆಗೆ ಮರಳಿದ್ದನು.

1824ರಲ್ಲಿ ಅವನಿಗೆ ಪ್ಯಾರಿಸ್ಸಿನ ಗೊಬ್ಲ್ಯಾನ್ ಕಾರ್ಯಾಗಾರದಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಣೆ ದೊರೆತಿದ್ದಿತು. ಅರಮನೆಗಳ ಗೋಡೆಗೆ ತೂಗುಹಾಕುವ ಚಿತ್ರಗಂಬಳಿಗಳನ್ನು ನೇಯುವ ಸ್ಥಳವದು. ಕಪ್ಪು ಬಣ್ಣದ ನೂಲು ಕಾಂತಿಹೀನವಾಗಿದೆ, ಬಣ್ಣ ಕೆಟ್ಟಿದೆ ಎಂದು ನೇಯುವವರ ದೂರು. ಷೆವ್ರಲನು ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವೇ ಇರಲಿಲ್ಲ. ನೀಲಿ ಹಾಗೂ ನೇರಳೆ ನೂಲುಗಳ ಪಕ್ಕದಲ್ಲಿ ಬಂದಾಗ ಅದೇ ಕಪ್ಪು ಕಣ್ಣಿಗೆ ಮಂಕಾಗಿ ತೋರುತ್ತಿದ್ದಿತು. ಪಕ್ಕಪಕ್ಕದ ಬಣ್ಣಗಳು ಒಂದರ ನೋಟವನ್ನು ಇನ್ನೊಂದು ಹೇಗೆ ಮಾರ್ಪಡಿಸುತ್ತವೆ ಎಂಬ ನಿಯಮವನ್ನು ವಿವರಿಸುವ ಅವನ ಗ್ರಂಥ 1839ರಲ್ಲಿ ಹೊರಬಂದಿತು. ಸರಾ ಮೊದಲಾದ ಚಿತ್ರಕಾರರು ಮುಂದೆ ಅದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಇಲ್ಲಿಯೂ ಮತ್ತೆ ಅದೇ ಬುದ್ಧಿ: ಕಂಡದ್ದು ನಿಜ, ಕಂಡದ್ದಕ್ಕೆ ಕೊಟ್ಟ ಕಾರಣ ತಪ್ಪು.

ವಿಜ್ಞಾನ ಅಕಾಡೆಮಿಯ ಸದಸ್ಯತ್ವ, ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲೆ ಪದಕ, ಪ್ಯಾರಿಸ್ಸಿನ ನಿಸರ್ಗ ವಸ್ತುಸಂಗ್ರಹಾಲಯದ ನಿರ್ದೇಶಕ ಪದವಿ; ಹೀಗೆ ಗೌರವಗಳು ಒಂದರ ಹಿಂದೊಂದು ಬಂದವು. ಪತ್ನಿ 1862ರಲ್ಲಿ ತೀರಿಕೊಂಡಳು. 1870-71ರ ಯುದ್ಧದಲ್ಲಿ ಪ್ರಷ್ಯದ ಸೈನ್ಯ ಪ್ಯಾರಿಸ್ಸನ್ನು ಮುತ್ತಿದಾಗ ಷೆವ್ರಲನಿಗೆ ಎಂಬತ್ತನಾಲ್ಕು ವರ್ಷ. ಫಿರಂಗಿಯ ಗುಂಡುಗಳು ವಸ್ತುಸಂಗ್ರಹಾಲಯದ ಸಸ್ಯಗೃಹಗಳ ಮೇಲೆ ಬಿದ್ದು ಗಾಜು ಪುಡಿಪುಡಿಯಾಯಿತು. ವೃದ್ಧನು ಸ್ಥಳ ಬಿಟ್ಟು ಕದಲಲಿಲ್ಲ. ಜ್ಞಾನದ ಮನೆಗೆ ಗುಂಡಿಟ್ಟವರನ್ನು ಖಂಡಿಸಿ ಅಕಾಡೆಮಿಯ ಮುಂದೆ ಹೇಳಿಕೆಯನ್ನು ಓದಿದನು.

ಊಟದಲ್ಲಿ ಅವನು ಮಿತಾಹಾರಿ. ದ್ರಾಕ್ಷಾರಸಕ್ಕೆ ಹೆಸರಾದ ನಾಡಿನಲ್ಲಿ ಹುಟ್ಟಿಯೂ ಅದನ್ನು ಮುಟ್ಟುತ್ತಿರಲಿಲ್ಲ. 1886ರ ಆಗಸ್ಟ್ 31ರಂದು ಅವನಿಗೆ ನೂರು ತುಂಬಿತು. ಪ್ಯಾರಿಸ್ ನಗರ ಪಂಜಿನ ಮೆರವಣಿಗೆ ನಡೆಸಿತು. ಆ ವರ್ಷ ಛಾಯಾಚಿತ್ರಕಾರ ನಾದಾರ್ ಅವನೊಡನೆ ಸಂಭಾಷಣೆ ನಡೆಸುತ್ತಿರುವಾಗ ಮಗ ಪೋಲ್ ನಾದಾರ್ ಚಿತ್ರಗಳನ್ನು ತೆಗೆದನು. ಪತ್ರಿಕೆಯಲ್ಲಿ ಅಚ್ಚಾದ ಆ ಚಿತ್ರಸಹಿತ ಸಂದರ್ಶನವನ್ನು ಜಗತ್ತಿನಲ್ಲಿ ಆ ಬಗೆಯ ಮೊದಲನೆಯದೆಂದು ಎಣಿಸುತ್ತಾರೆ. ನೂರು ಕಳೆದ ಮೇಲೂ ತಾನು ವಿದ್ಯಾರ್ಥಿಯೆಂದೇ, ಫ್ರಾನ್ಸಿನ ವಿದ್ಯಾರ್ಥಿಗಳಲ್ಲಿ ಹಿರಿಯನೆಂದೇ ಅವನು ಹೇಳಿಕೊಳ್ಳುತ್ತಿದ್ದನು. 1889ರ ಏಪ್ರಿಲ್ 9ರಂದು, ತನ್ನ ಮಗನು ತೀರಿಕೊಂಡ ಕೆಲವೇ ದಿನಗಳ ಮೇಲೆ, ನೂರ ಎರಡು ವರ್ಷದ ಷೆವ್ರಲನು ಕಣ್ಣುಮುಚ್ಚಿದನು. ಆಗ ತಾನೇ ಮುಗಿದಿದ್ದ ಐಫೆಲ್ ಗೋಪುರದ ಮೇಲೆ ಕೆತ್ತಿದ 72 ಹೆಸರುಗಳಲ್ಲಿ ಅವನದೂ ಒಂದು.

ಅವನು ಹೆಸರಿಟ್ಟ ಹರಳಿನ ಕಥೆ ಮಾತ್ರ ಮುಗಿಯಲಿಲ್ಲ. ಅವನ ಜೀವಿತಕಾಲದಲ್ಲಿಯೇ, 1833ರಲ್ಲಿ, ಬೂದೇ ಎಂಬವನು ಮನುಷ್ಯರ ರಕ್ತದಲ್ಲಿಯೂ ಅದನ್ನು ಕಂಡನು. 1859ರಲ್ಲಿ ಬೆರ್ತಲೋ ಅದು ಆಲ್ಕೊಹಾಲುಗಳ ಕುಲಕ್ಕೆ ಸೇರಿದ್ದೆಂದು ತೋರಿಸಿದ ಮೇಲೆ, ಹೆಸರಿನ ಬಾಲ ಬದಲಾಗಿ ಕೊಲೆಸ್ಟರಾಲ್ ಎಂದಾಯಿತು. ಅದರ ಒಂದೊಂದು ಅಣುವಿನಲ್ಲಿ 27 ಇಂಗಾಲ, 46 ಜಲಜನಕ, ಒಂದು ಆಮ್ಲಜನಕ ಪರಮಾಣುಗಳಿರುವುದು 1888ರಲ್ಲಿ ನಿಶ್ಚಿತವಾಯಿತು. 1913ರಲ್ಲಿ ರಷ್ಯದ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟರಾಲನ್ನು ತಿನ್ನಿಸಿ, ಅವುಗಳ ರಕ್ತನಾಳಗಳ ಗೋಡೆ ದಪ್ಪವೇರುವುದನ್ನು ತೋರಿಸಿದನು. ರಕ್ತದಲ್ಲಿ ಅದು ಬಹುಕಾಲ ಹೆಚ್ಚಾಗಿದ್ದರೆ ಹೃದಯಕ್ಕೆ ಕೇಡು ಎಂಬುದು ಅಲ್ಲಿಂದೀಚೆಗೆ ನಾನಾ ದಾರಿಗಳಿಂದ ಸಿದ್ಧವಾಗಿದೆ. ಇದು ಎಲ್ಲರಿಗೂ ತಿಳಿದ ಮುಖ.

ತಿಳಿಯದ ಮುಖವೆಂದರೆ ಕೊಲೆಸ್ಟರಾಲ್ ದೇಹಕ್ಕೆ ಅತ್ಯವಶ್ಯ ಎಂಬುದು. ನಮ್ಮ ಪ್ರತಿಯೊಂದು ಜೀವಕೋಶದ ಹೊದಿಕೆಯಲ್ಲಿಯೂ ಅದಿದೆ. ಆಹಾರದ ಕೊಬ್ಬನ್ನು ಅರಗಿಸುವ ಪಿತ್ತರಸದ ಆಮ್ಲಗಳೂ ಹಲವು ಹಾರ್ಮೋನುಗಳೂ ಅದರಿಂದಲೇ ಆಗುತ್ತವೆ. ಅದು ನೀರಿನಲ್ಲಿ ಕರಗದಾದುದರಿಂದ ಪ್ರೋಟೀನಿನ ಪೊಟ್ಟಣಗಳಲ್ಲಿ ಅಡಕವಾಗಿ ರಕ್ತದಲ್ಲಿ ಸಂಚರಿಸುತ್ತದೆ. ಎಲ್‌ಡಿಎಲ್, ಎಚ್‌ಡಿಎಲ್ ಎಂಬ ಹೆಸರುಗಳು ಈ ಪೊಟ್ಟಣಗಳವು. ಇವನ್ನು ಕಟ್ಟುವ ಕೆಲಸದಲ್ಲಿ ಪಿತ್ತಜನಕಾಂಗದ ಪಾಲು ದೊಡ್ಡದು.

ದೇಹಕ್ಕೆ ಕಠಿಣವಾದ ಸೋಂಕು ತಗುಲಿದಾಗ ರಕ್ತದ ಕೊಲೆಸ್ಟರಾಲ್ ಇಳಿಯುತ್ತದೆ ಎಂಬುದನ್ನು ವೈದ್ಯರು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿಯೇ ನ್ಯುಮೋನಿಯ ರೋಗಿಗಳಲ್ಲಿ ಕಂಡಿದ್ದರು. ಕರ್ನಾಟಕದಲ್ಲಿಯೂ ಮಳೆಗಾಲದ ಬೆನ್ನಿಗೆ ಹರಡುವ ಡೆಂಗಿ ಜ್ವರದಲ್ಲಿ, ಸ್ಥಿತಿ ಉಲ್ಬಣಿಸಿದವರ ಕೊಲೆಸ್ಟರಾಲ್ ಸೌಮ್ಯ ಜ್ವರದವರದಕ್ಕಿಂತ ಕೆಳಗಿರುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. 2020ರಲ್ಲಿ ಕೋವಿಡ್ ವ್ಯಾಧಿ ಜಗತ್ತನ್ನು ಆವರಿಸಿದಾಗ ಈ ಸಂಗತಿ ಹೊಸದಾಗಿ ಎಲ್ಲರ ಗಮನಕ್ಕೆ ಬಂದಿತು. ವುಹಾನ್ ನಗರದ ಆಸ್ಪತ್ರೆಗಳಿಂದ ಮೊದಲುಗೊಂಡು ಅನೇಕ ಕಡೆಗಳ ವೈದ್ಯರು ಒಂದೇ ಬಗೆಯ ವರದಿ ಕೊಟ್ಟರು. ರೋಗ ತೀವ್ರವಾದಷ್ಟೂ ಒಟ್ಟು ಕೊಲೆಸ್ಟರಾಲ್, ಎಲ್‌ಡಿಎಲ್, ಎಚ್‌ಡಿಎಲ್ ಇವು ಇಳಿದಿರುತ್ತಿದ್ದವು. ಗುಣಮುಖರಾದವರಲ್ಲಿ ಮೆಲ್ಲನೆ ಮೇಲೇರುತ್ತಿದ್ದವು. ಬದುಕುಳಿಯದವರಲ್ಲಿ ಅನೇಕರಿಗೆ ಅವು ಏಳಲೇ ಇಲ್ಲ.

ಇದನ್ನು ಕೇಳಿದವರು ಕೊಲೆಸ್ಟರಾಲ್ ಕಡಿಮೆಯಾದುದೇ ಸಾವಿಗೆ ಕಾರಣವೆಂದು ಹೇಳಿಬಿಡುವುದು ಸುಲಭ. ಅಲ್ಲಿಂದ ಮುಂದೆ, ಹೃದ್ರೋಗಿಯೊಬ್ಬನು ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡುವುದಕ್ಕೂ, ಜ್ವರದ ಭಯದಿಂದ ಬೆಣ್ಣೆ ತುಪ್ಪಗಳನ್ನು ಮಿತಿಮೀರಿ ತಿನ್ನುವುದಕ್ಕೂ ಒಂದೇ ಹೆಜ್ಜೆ. ಉಂಗುರ ತೂಗಿದ್ದು ಕಣ್ಣಿಗೆ ಕಂಡಿದೆ. ಆಡಿಸಿದ್ದು ಪಾದರಸವೋ ಬೆರಳೋ ಎಂಬುದು ಇನ್ನೂ ತೀರ್ಮಾನವಾಗಬೇಕು.

ಬೆರಳಿನ ಕಡೆಗೆ ಬೊಟ್ಟುಮಾಡುವ ಸಾಕ್ಷ್ಯಗಳು ಸಾಕಷ್ಟಿವೆ. ಸೋಂಕಿನ ಉರಿಯೂತದಿಂದ ಹೊರಡುವ ರಾಸಾಯನಿಕ ಸಂದೇಶಗಳು ಪಿತ್ತಜನಕಾಂಗದ ಕಾರ್ಯಕ್ರಮವನ್ನೇ ಬದಲಿಸುತ್ತವೆ. ಅದು ಎಂದಿನ ಪೊಟ್ಟಣಗಳನ್ನು ಕಟ್ಟುವುದನ್ನು ಬಿಟ್ಟು ರೋಗದೊಡನೆ ಹೋರಾಡುವ ಪ್ರೋಟೀನುಗಳನ್ನು ತಯಾರಿಸತೊಡಗುತ್ತದೆ. ಎಚ್‌ಡಿಎಲ್ ಪೊಟ್ಟಣಗಳ ಪ್ರೋಟೀನೇ ಬೇರೆಯಾಗುತ್ತದೆ. ಸೂಕ್ಷ್ಮ ರಕ್ತನಾಳಗಳು ಸೋರಿದಾಗ ಅವು ಹೊರಗೆ ಜಿನುಗುತ್ತವೆ; ಡೆಂಗಿಯಲ್ಲಿ ಈ ಸೋರುವಿಕೆ ಹೆಚ್ಚು. ರೋಗಿ ಊಟವನ್ನೂ ಮಾಡಲಾರನು. ಹೀಗೆ ನೋಡಿದರೆ ಇಳಿದ ಅಂಕಿ ರೋಗದ ತೀವ್ರತೆಯ ನೆರಳು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳನ್ನು ಮೊದಲಿನಿಂದ ಸೇವಿಸುತ್ತಿದ್ದವರು ಆ ಕಾರಣದಿಂದಲೇ ಕೋವಿಡ್ಡಿಗೆ ಹೆಚ್ಚಾಗಿ ಬಲಿಯಾದರೆಂದು ಕಂಡುಬರಲಿಲ್ಲ. ತೋಳಿಗೆ ಆಧಾರ ಕೊಟ್ಟು ನೋಡುವ ಪರೀಕ್ಷೆಗೆ ಇದು ಸಮೀಪದ್ದು.

ಆದರೂ ಪಾದರಸದ ಪಕ್ಷವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಎಚ್‌ಡಿಎಲ್ ಪೊಟ್ಟಣಗಳಿಗೆ ಉರಿಯೂತವನ್ನು ತಣಿಸುವ ಗುಣವಿದೆ. ಬ್ಯಾಕ್ಟೀರಿಯಗಳ ವಿಷವನ್ನು ಅವು ಹಿಡಿದಿಡಬಲ್ಲವು. ಅನೇಕ ವೈರಸ್ಸುಗಳು ಜೀವಕೋಶವನ್ನು ಹೊಗುವುದಕ್ಕೆ ಅದರ ಹೊದಿಕೆಯ ಕೊಲೆಸ್ಟರಾಲನ್ನೇ ಬಳಸಿಕೊಳ್ಳುತ್ತವೆ. ಸೋಂಕಿಗೆ ಎಷ್ಟೋ ಮೊದಲೇ ಎಚ್‌ಡಿಎಲ್ ಕಡಿಮೆಯಿದ್ದವರು ಕೋವಿಡ್ಡಿನಿಂದ ಆಸ್ಪತ್ರೆ ಸೇರುವ ಸಂಭವ ಹೆಚ್ಚೆಂದು ಬ್ರಿಟನ್ನಿನಲ್ಲಿ ಬಹು ಜನರ ಮೇಲೆ ನಡೆದ ಅಧ್ಯಯನ ತೋರಿಸಿತು. ಆದರೆ ಅಂಥವರಲ್ಲಿ ಬೊಜ್ಜೂ ಸಿಹಿಮೂತ್ರ ರೋಗವೂ ಹೆಚ್ಚಾಗಿರುತ್ತವೆ. ನೀಲಿಯ ಪಕ್ಕದ ಕಪ್ಪಿನಂತೆ, ಇಲ್ಲಿ ಯಾವುದು ಯಾವುದರ ನೋಟವನ್ನು ಬದಲಿಸುತ್ತಿದೆ ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಆದುದರಿಂದ ತೀವ್ರ ಸೋಂಕಿನ ರೋಗಿಯ ಕೊಲೆಸ್ಟರಾಲ್ ಇಳಿದಿರುವುದನ್ನು ಕಂಡ ವೈದ್ಯರು ಅದನ್ನು ಏರಿಸಲು ಔಷಧ ಕೊಡುವುದಿಲ್ಲ. ಉಸಿರಾಟ, ರಕ್ತದ ಒತ್ತಡ, ಉರಿಯೂತದ ಇತರ ಗುರುತುಗಳು, ಇವುಗಳ ಜೊತೆಯಲ್ಲಿ ಅದನ್ನೂ ಒಂದು ಸೂಚನೆಯಾಗಿ ಓದಿ, ರೋಗಿಯ ಮೇಲೆ ಹೆಚ್ಚಿನ ನಿಗಾ ಇಡಬಹುದು. ಆ ದಿನಗಳ ಅಂಕಿಯನ್ನು ನಂಬಿ ಹೃದಯ ಸುರಕ್ಷಿತವಾಗಿದೆಯೆಂದು ಹೇಳುವಂತೆಯೂ ಇಲ್ಲ. ಜ್ವರ ಇಳಿದು, ಹಸಿವು ಮರಳಿ, ಪಿತ್ತಜನಕಾಂಗ ತನ್ನ ಎಂದಿನ ಕೆಲಸಕ್ಕೆ ತಿರುಗಿದ ಮೇಲೆ ಅದು ತಾನಾಗಿಯೇ ಏರಿ ಹಿಂದಿನ ಮಟ್ಟಕ್ಕೆ ಬರುತ್ತದೆ. ಇದಕ್ಕೆ ಕೆಲವು ವಾರಗಳು ಬೇಕು. ಅಲ್ಲಿಯ ತನಕ ಕಾದು, ಆಮೇಲೆ ಮತ್ತೊಮ್ಮೆ ರಕ್ತವನ್ನು ಪರೀಕ್ಷಿಸುತ್ತಾರೆ.